ಷೇರು ಕೈಯಲ್ಲಿದೆ, ಹೊರಬರುವ ದಾರಿ ಎಲ್ಲಿದೆ?

ಕಂಪನಿಯಲ್ಲಿ ಶೇಕಡ 30 ಷೇರು ಇದೆ ಅಂದರೆ ಶೇಕಡ 30ರಷ್ಟು ಅಧಿಕಾರವೂ ಇದೆ ಎಂದು ಬಹಳ ಜನ ನಂಬಿರುತ್ತಾರೆ. ಪಾಲುದಾರರು ಚೆನ್ನಾಗಿದ್ದಾಗ ಆ ನಂಬಿಕೆಗೆ ಏನೂ ತೊಂದರೆ ಆಗುವುದಿಲ್ಲ. ತಿಂಗಳಿಗೆ ಸಂಬಳ ಬರುತ್ತದೆ. ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಇರುತ್ತದೆ. ಕೆಲಸಗಾರರು ಎಲ್ಲರನ್ನೂ ಒಂದೇ ಥರ ಯಜಮಾನರು ಎಂದೇ ನೋಡುತ್ತಾರೆ.

ಜಗಳ ಆದ ಮೇಲೆ ಒಂದೊಂದಾಗಿ ಗೊತ್ತಾಗುತ್ತದೆ. ಸಂಬಳ ಬರುತ್ತಿದ್ದದ್ದು ನಿರ್ದೇಶಕನ ಹುದ್ದೆಗೆ, ಷೇರಿಗಲ್ಲ. ಸಹಿ ಅಧಿಕಾರ ಬೋರ್ಡಿನ ಒಂದು ನಿರ್ಣಯದಿಂದ ಬಂದದ್ದು, ಇನ್ನೊಂದು ನಿರ್ಣಯದಿಂದ ಹೋಗುತ್ತದೆ. ನಿರ್ದೇಶಕನನ್ನು ತೆಗೆಯಲು ಅರ್ಧಕ್ಕಿಂತ ಒಂದು ಮತ ಜಾಸ್ತಿ ಇದ್ದರೆ ಸಾಕು. ಇವೆಲ್ಲ ಹೋದ ಮೇಲೆ ಉಳಿಯುವುದು ಷೇರು ಮಾತ್ರ. ಅದಕ್ಕೆ ಲಾಭಾಂಶ ಕೊಡಬೇಕೋ ಬೇಡವೋ ಎಂಬುದನ್ನೂ ಎದುರಿನವರೇ ತೀರ್ಮಾನಿಸುತ್ತಾರೆ. ಮಾರೋಣ ಅಂದರೆ ಹೊರಗಿನವರು ಯಾಕೆ ಕೊಳ್ಳುತ್ತಾರೆ? ಯಾರೋ ಒಬ್ಬರು ಮುಂದೆ ಬಂದರೂ ವರ್ಗಾವಣೆಗೆ ಬೋರ್ಡ್ ಒಪ್ಪಬೇಕು.

ಸಣ್ಣ ಪಾಲಿನವರ ಹಕ್ಕುಗಳ ಚರ್ಚೆ ಬಂದಾಗಲೆಲ್ಲ ಮತದ ಬಗ್ಗೆ, ಸಭೆಯ ಬಗ್ಗೆ, ನೋಟಿಸಿನ ಬಗ್ಗೆ ಮಾತಾಗುತ್ತದೆ. ಅದೆಲ್ಲ ಬೇಕು, ನಿಜ. ಆದರೆ ನನ್ನ ಪ್ರಕಾರ ಅವರಿಗೆ ನಿಜವಾಗಿ ಕೊರತೆ ಇರುವುದು ದನಿಯಲ್ಲ. ತಮ್ಮ ಹಣ ತೆಗೆದುಕೊಂಡು ಹೊರಗೆ ಹೋಗುವ ದಾರಿ.

ಹಳೆಯ ಮಾದರಿಯ ಪಾಲುದಾರಿಕೆ ಸಂಸ್ಥೆಯಲ್ಲಿ ಈ ದಾರಿ ಇತ್ತು. ಇಂಗ್ಲೆಂಡಿನ 1890ರ ಪಾಲುದಾರಿಕೆ ಕಾಯ್ದೆ ಇರಲಿ, ಭಾರತದ 1932ರ ಕಾಯ್ದೆ ಇರಲಿ, ಅವಧಿ ಗೊತ್ತುಮಾಡದ ಪಾಲುದಾರಿಕೆಯನ್ನು ಒಬ್ಬ ಪಾಲುದಾರ ನೋಟಿಸ್ ಕೊಟ್ಟು ಮುಗಿಸಬಹುದು. ಲೆಕ್ಕ ಮಾಡಿ, ಸಾಲ ತೀರಿಸಿ, ಉಳಿದದ್ದನ್ನು ಹಂಚಿಕೊಳ್ಳಬೇಕು. ಅದೇ ಜನ, ಅದೇ ವ್ಯಾಪಾರ, ಒಂದು ದಿನ ಕಂಪನಿಯಾಗಿ ನೋಂದಣಿ ಆಗುತ್ತದೆ. ಸಾಲಕ್ಕೆ ವೈಯಕ್ತಿಕ ಹೊಣೆ ತಪ್ಪಲಿ ಅಂತಲೋ, ಬ್ಯಾಂಕಿನವರು ಹೇಳಿದರು ಅಂತಲೋ ಹಾಗೆ ಮಾಡುತ್ತಾರೆ. ಆ ದಿನ ನೋಟಿಸ್ ಕೊಟ್ಟು ಹೊರಡುವ ಹಕ್ಕು ಸದ್ದಿಲ್ಲದೆ ಹೋಗಿಬಿಡುತ್ತದೆ. ಯಾರೂ ಅದನ್ನು ಗಮನಿಸುವುದೂ ಇಲ್ಲ.

ನೂರು ಷೇರು ಬಿಟ್ಟುಕೊಟ್ಟ ಕಥೆ

ಈ ವಿಷಯದಲ್ಲಿ ಜಗತ್ತಿನ ಅನೇಕ ಕೋರ್ಟುಗಳು ಇಂದಿಗೂ ಎತ್ತಿ ಹೇಳುವ ಪ್ರಕರಣ ಲಂಡನ್ನಿನ ರತ್ನಗಂಬಳಿ ವ್ಯಾಪಾರಿಗಳದ್ದು. ಇಬ್ರಾಹಿಮಿ ಮತ್ತು ನಜರ್ 1940ರ ದಶಕದಿಂದ ಪಾಲುದಾರರು. ಲಾಭ ಸಮಸಮ. 1958ರಲ್ಲಿ ವ್ಯಾಪಾರವನ್ನು ವೆಸ್ಟ್‌ಬೋರ್ನ್ ಗ್ಯಾಲರೀಸ್ ಎಂಬ ಕಂಪನಿ ಮಾಡಿದರು. ಒಬ್ಬೊಬ್ಬರಿಗೆ 500 ಷೇರು. ಸ್ವಲ್ಪ ದಿನಕ್ಕೆ ನಜರ್ ಅವರ ಮಗ ಕಂಪನಿಗೆ ಬಂದ. ಇಬ್ಬರೂ ತಲಾ 100 ಷೇರು ಅವನಿಗೆ ಬಿಟ್ಟುಕೊಟ್ಟರು. ಈಗ ಲೆಕ್ಕ 400, 400, 200.

ಈ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು. 500ಕ್ಕೆ 500 ಇದ್ದಾಗ ಒಬ್ಬರು ಇನ್ನೊಬ್ಬರನ್ನು ಹೊರಗೆ ಹಾಕಲು ಆಗುತ್ತಿರಲಿಲ್ಲ. ಆ ನೂರು ಷೇರು ಕೈಬಿಟ್ಟ ಮೇಲೆ ಅಪ್ಪ ಮಗ ಸೇರಿ 600, ಇಬ್ರಾಹಿಮಿ ಒಬ್ಬರೇ 400. ಸ್ನೇಹಿತನ ಮಗ, ಕೊಟ್ಟರೆ ಏನಾಯ್ತು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಹನ್ನೊಂದು ವರ್ಷದ ನಂತರ, 1969ರಲ್ಲಿ, ಅಪ್ಪ ಮಗ ಸಭೆ ಕರೆದು ಇಬ್ರಾಹಿಮಿಯನ್ನು ನಿರ್ದೇಶಕ ಸ್ಥಾನದಿಂದ ತೆಗೆದರು. ಕಂಪನಿ ಅಷ್ಟು ವರ್ಷವೂ ಲಾಭಾಂಶ ಅಂತ ಕೊಟ್ಟೇ ಇರಲಿಲ್ಲ. ಲಾಭವೆಲ್ಲ ನಿರ್ದೇಶಕರ ಸಂಬಳವಾಗಿ ಹೋಗುತ್ತಿತ್ತು. ಹಾಗಾಗಿ ಹುದ್ದೆ ಹೋದ ದಿನವೇ ಇಬ್ರಾಹಿಮಿಯ ಆದಾಯವೂ ನಿಂತಿತು. ಷೇರು ಮಾತ್ರ ಕೈಯಲ್ಲಿ ಉಳಿಯಿತು.

ಕಾಯ್ದೆಯ ಅಕ್ಷರ ನೋಡಿದರೆ ಸಭೆಯಲ್ಲಿ ನಡೆದದ್ದೆಲ್ಲ ಸರಿ. ಮೊದಲ ಕೋರ್ಟು ಇಬ್ರಾಹಿಮಿ ಪರ ಹೇಳಿತು, ಮೇಲ್ಮನವಿಯಲ್ಲಿ ಅದು ತಿರುಗಿತು. 1972ರಲ್ಲಿ, ಆಗ ಅಲ್ಲಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮತ್ತೆ ಇಬ್ರಾಹಿಮಿಯ ಕೈ ಹಿಡಿಯಿತು. ಲಾರ್ಡ್ ವಿಲ್ಬರ್‌ಫೋರ್ಸ್ ತೀರ್ಪಿನಲ್ಲಿ ಹೇಳಿದ್ದರ ತಿರುಳು ಇಷ್ಟು: ಕಂಪನಿ ಎಂಬ ಹೆಸರಿನ ಹಿಂದೆ ಮನುಷ್ಯರಿದ್ದಾರೆ, ಅವರ ನಡುವೆ ಒಬ್ಬರ ಮೇಲೊಬ್ಬರಿಗೆ ನಿರೀಕ್ಷೆಗಳಿವೆ. ಒಬ್ಬರನ್ನೊಬ್ಬರು ನಂಬಿ ಕಟ್ಟಿದ ಕಂಪನಿಯಾಗಿದ್ದರೆ, ಎಲ್ಲರೂ ಕೆಲಸದಲ್ಲಿ ಭಾಗವಹಿಸಬೇಕು ಎಂಬ ಮಾತಿದ್ದರೆ, ಷೇರನ್ನು ಹೊರಗೆ ಮಾರಲು ಅಡ್ಡಿ ಇದ್ದರೆ, ಆಗ ಬರೀ ಕಾಯ್ದೆಯ ಕಲಂ ತೋರಿಸಿ ಒಬ್ಬನನ್ನು ಹೊರಗಟ್ಟುವುದು ನ್ಯಾಯವಲ್ಲ. ಕಂಪನಿಯನ್ನೇ ಮುಚ್ಚಿ ಆಸ್ತಿ ಹಂಚಲು ಆದೇಶವಾಯಿತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1976ರಲ್ಲಿ ತೀರ್ಮಾನವಾದ ವಿಲ್ಕ್ಸ್ ಪ್ರಕರಣವೂ ಹೆಚ್ಚುಕಡಿಮೆ ಇದೇ ಕಥೆ. ನಾಲ್ವರು ಸಮಪಾಲಿನಲ್ಲಿ ಸೇರಿ 1951ರಲ್ಲಿ ವೃದ್ಧರ ಆರೈಕೆ ಕೇಂದ್ರ ತೆರೆದರು. ನಾಲ್ವರೂ ಕೆಲಸ ಮಾಡುವುದು, ನಾಲ್ವರೂ ಸಂಬಳ ಪಡೆಯುವುದು ಎಂಬ ಮಾತಾಗಿತ್ತು. ಮುಂದೆ ಅವರಲ್ಲೊಬ್ಬರು ಕಂಪನಿಯ ಆಸ್ತಿ ಕೊಳ್ಳಲು ಹೊರಟರು. ಕಡಿಮೆ ಬೆಲೆಗೆ ಕೊಡಬಾರದು ಎಂದು ವಿಲ್ಕ್ಸ್ ಪಟ್ಟು ಹಿಡಿದರು. ಅಂದರೆ ಅವರು ಕಂಪನಿಯ ಪರವಾಗಿಯೇ ನಿಂತದ್ದು. ಅಲ್ಲಿಂದ ಮನಸ್ಸು ಕೆಟ್ಟಿತು. 1967ರಲ್ಲಿ ಉಳಿದವರು ವಿಲ್ಕ್ಸ್ ಸಂಬಳ ನಿಲ್ಲಿಸಿ ಬೋರ್ಡಿನಿಂದ ಕೈಬಿಟ್ಟರು. ಕೋರ್ಟು ಒಂದು ಒಳ್ಳೆಯ ಪರೀಕ್ಷೆ ಹಾಕಿಕೊಟ್ಟಿತು. ಹೀಗೆ ಮಾಡಲು ವ್ಯಾಪಾರದ ಕಾರಣ ಏನಿತ್ತು ಎಂದು ದೊಡ್ಡ ಪಾಲಿನವರು ತೋರಿಸಬೇಕು. ಅದೇ ಕೆಲಸ ಇಷ್ಟು ನೋವಿಲ್ಲದೆ ಆಗುತ್ತಿರಲಿಲ್ಲವೇ ಎಂದು ಸಣ್ಣ ಪಾಲಿನವರು ಕೇಳಬಹುದು. ವಿಲ್ಕ್ಸ್ ವಿಷಯದಲ್ಲಿ ವ್ಯಾಪಾರದ ಕಾರಣವೇ ಸಿಗಲಿಲ್ಲ.

ಹಿಂಡುವ ಕ್ರಮ

ಇಂಥ ಜಗಳಗಳಲ್ಲಿ ಕೆಲವು ನಡೆಗಳು ಮತ್ತೆ ಮತ್ತೆ ಕಾಣುತ್ತವೆ. ಒಂದೊಂದನ್ನೇ ನೋಡಿದರೆ ಪ್ರತಿಯೊಂದಕ್ಕೂ ಒಂದು ಸಮಜಾಯಿಷಿ ಇರುತ್ತದೆ. ಒಟ್ಟಿಗೆ ನೋಡಿದಾಗ ಮಾತ್ರ ಉದ್ದೇಶ ತಿಳಿಯುತ್ತದೆ.

ಮೊದಲು ಸಂಬಳ ನಿಲ್ಲುತ್ತದೆ. ನಂತರ ಲೆಕ್ಕಪತ್ರ ಸಿಗುವುದು ನಿಲ್ಲುತ್ತದೆ. ಲಾಭಾಂಶ ಕೇಳಿದರೆ ವಿಸ್ತರಣೆಗೆ ಹಣ ಬೇಕು ಎಂಬ ಉತ್ತರ. ಕೆಲವು ತಿಂಗಳಾದ ಮೇಲೆ, ಕೈಯಲ್ಲಿ ಹಣವಿಲ್ಲದ ಹೊತ್ತು ನೋಡಿ, ಹೊಸ ಷೇರು ಕೊಡುವ ಪತ್ರ ಬರುತ್ತದೆ. ಎಲ್ಲರಿಗೂ ಅವರವರ ಪಾಲಿನಷ್ಟು ಕೊಳ್ಳುವ ಅವಕಾಶ ಇದೆ, ಯಾರಿಗೂ ಮೋಸವಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ.

ಲೆಕ್ಕ ಹಾಕಿ ನೋಡಿ. ಕಂಪನಿಯಲ್ಲಿ ಒಟ್ಟು 1,000 ಷೇರು, ನಿಮ್ಮದು 300. ಇನ್ನೂ 1,000 ಷೇರು ಹೊಸದಾಗಿ ಬರುತ್ತದೆ. ನಿಮ್ಮ ಪಾಲಿನ 300 ಕೊಳ್ಳಲು ಹಣ ಇಲ್ಲ. ಅದನ್ನೂ ಉಳಿದವರೇ ಕೊಳ್ಳುತ್ತಾರೆ. ಈಗ ನಿಮ್ಮದು 2,000ದಲ್ಲಿ 300, ಅಂದರೆ ಶೇಕಡ 15. ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ನಿಯಮಾವಳಿ ತಿದ್ದುವಂಥ ದೊಡ್ಡ ತೀರ್ಮಾನಕ್ಕೆ ಶೇಕಡ 75 ಮತ ಬೇಕು. ಶೇಕಡ 30 ಇದ್ದಾಗ ಅದನ್ನು ತಡೆಯುವ ಶಕ್ತಿ ನಿಮಗಿತ್ತು. 15ಕ್ಕೆ ಇಳಿದ ಮೇಲೆ ಅದೂ ಹೋಯಿತು. ಹೊಸ ಷೇರಿನ ಬೆಲೆಯನ್ನು ಕಂಪನಿಯ ನಿಜವಾದ ಮೌಲ್ಯಕ್ಕಿಂತ ಕಡಿಮೆ ಇಟ್ಟಿದ್ದರಂತೂ ನಿಮ್ಮ ಆಸ್ತಿಯ ಒಂದು ಭಾಗ ಅವರ ಕೈ ಸೇರಿದ ಹಾಗೆಯೇ.

ಇದಕ್ಕೆ ಕಾನೂನಿನಲ್ಲಿ ಉತ್ತರ ಇದೆ. ಷೇರು ಕೊಡುವ ಅಧಿಕಾರ ಬೋರ್ಡಿಗೆ ಇರುವುದು ಕಂಪನಿಯ ಅಗತ್ಯಕ್ಕೆ, ಮತಗಳ ಲೆಕ್ಕ ಬದಲಿಸುವುದಕ್ಕಲ್ಲ. ಆಸ್ಟ್ರೇಲಿಯಾದಿಂದ, ಆಗ ಅಲ್ಲಿನ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋದ ಹೋವರ್ಡ್ ಸ್ಮಿತ್ ಮತ್ತು ಆಂಪಾಲ್ ನಡುವಿನ ಪ್ರಕರಣದಲ್ಲಿ, 1974ರಲ್ಲಿ, ಅವರಿಬ್ಬರೂ ಹಿಡಿತಕ್ಕೆ ಪೈಪೋಟಿ ನಡೆಸಿದ್ದ ಕಂಪನಿಗೆ ಹಣ ಬೇಕಾಗಿದ್ದದ್ದು ನಿಜವೇ ಆಗಿತ್ತು. ಆದರೂ ಮುಖ್ಯ ಉದ್ದೇಶ ಮತಬಲ ತಿರುಗಿಸುವುದಾಗಿತ್ತು ಎಂಬ ಕಾರಣಕ್ಕೆ ಷೇರು ಕೊಟ್ಟದ್ದು ರದ್ದಾಯಿತು. ಆದರೆ ಇದನ್ನು ಸಾಬೀತು ಮಾಡಬೇಕಾದವರು ಸಂಬಳ ಕಳೆದುಕೊಂಡವರು. ಎದುರಿನವರು ವಕೀಲರಿಗೆ ಕೊಡುವುದು ಎಷ್ಟೋ ಸಲ ಕಂಪನಿಯ ಹಣವನ್ನೇ. ಆ ಹಣದಲ್ಲಿ ಸಣ್ಣ ಪಾಲಿನವರ ಭಾಗವೂ ಇದೆ. ನನಗೆ ತುಂಬ ಬೇಸರ ತರಿಸುವ ಸಂಗತಿ ಇದು. ಇಬ್ಬರು ಷೇರುದಾರರ ನಡುವಿನ ಜಗಳಕ್ಕೆ ಕಂಪನಿಯ ತಿಜೋರಿ ಮುಟ್ಟಬಾರದು ಎಂದು ಕೋರ್ಟನ್ನು ಮೊದಲ ದಿನವೇ ಕೇಳಿಕೊಳ್ಳಬೇಕು.

ಲಾಭಾಂಶದ ಬಗ್ಗೆ ಹೇಳುವುದಾದರೆ, ಕೋರ್ಟುಗಳು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಹೆನ್ರಿ ಫೋರ್ಡ್ ವಿರುದ್ಧ ಶೇಕಡ 10 ಪಾಲಿದ್ದ ಡಾಜ್ ಸೋದರರು ಗೆದ್ದದ್ದು ಅಪರೂಪದ ಉದಾಹರಣೆ. 1919ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ ಸುಮಾರು 1.9 ಕೋಟಿ ಡಾಲರ್ ಲಾಭಾಂಶ ಕೊಡಿಸಿತು. ಅಲ್ಲಿ ಕಂಪನಿಯ ಬಳಿ ಹಣ ರಾಶಿ ಬಿದ್ದಿತ್ತು. ಸಣ್ಣ ಕಂಪನಿಗಳಲ್ಲಿ ಹಣವನ್ನು ಸಂಬಳ, ಬಾಡಿಗೆ, ಸಲಹಾ ಶುಲ್ಕ ಅಂತ ಮೊದಲೇ ಹೊರಗೆ ಸಾಗಿಸಿರುತ್ತಾರೆ.

ಕೋರ್ಟಿಗೆ ಹೋದರೆ

1843ರ ಫಾಸ್ ಮತ್ತು ಹಾರ್ಬಾಟಲ್ ಪ್ರಕರಣದಿಂದ ಒಂದು ನಿಯಮ ಬಂದಿದೆ. ಕಂಪನಿಗೆ ಆದ ನಷ್ಟಕ್ಕೆ ಕಂಪನಿಯೇ ದಾವೆ ಹೂಡಬೇಕು. ಆದರೆ ಕಂಪನಿ ಯಾರ ಕೈಯಲ್ಲಿದೆ? ನಷ್ಟ ಮಾಡಿದವರ ಕೈಯಲ್ಲೇ. ಈ ಗೋಡೆಯನ್ನು ದಾಟಿಸಲು ಇಂಗ್ಲೆಂಡಿನ 1948ರ ಕಂಪನಿ ಕಾಯ್ದೆ ದಬ್ಬಾಳಿಕೆ ವಿರುದ್ಧ ದೂರು ಕೊಡುವ ಹಕ್ಕು ತಂದಿತು. ಕಂಪನಿ ಮುಚ್ಚುವುದೊಂದೇ ದಾರಿ ಆಗಬಾರದು, ಷೇರನ್ನು ನ್ಯಾಯವಾದ ಬೆಲೆಗೆ ಕೊಳ್ಳುವಂತೆ ಆದೇಶಿಸುವ ಅಧಿಕಾರವೂ ಕೋರ್ಟಿಗೆ ಇರಲಿ ಎಂಬುದು ಅದರ ಆಶಯ. ಇಂದು ಇಂಗ್ಲೆಂಡಿನಲ್ಲಿ 2006ರ ಕಾಯ್ದೆಯ ಕಲಂ 994, ಭಾರತದಲ್ಲಿ 2013ರ ಕಾಯ್ದೆಯ ಕಲಂ 241 ಮತ್ತು 242 ಈ ಕೆಲಸ ಮಾಡುತ್ತವೆ. ಕೆನಡಾ, ಆಸ್ಟ್ರೇಲಿಯಾ, ಸಿಂಗಾಪುರ, ದಕ್ಷಿಣ ಆಫ್ರಿಕಾಗಳಲ್ಲೂ ಇಂಥದ್ದೇ ಕಲಂಗಳಿವೆ.

ಯಾರು ದೂರು ಕೊಡಬಹುದು ಎಂಬುದರಲ್ಲಿ ವ್ಯತ್ಯಾಸ ಇದೆ. ಇಂಗ್ಲೆಂಡಿನಲ್ಲಿ ಒಂದೇ ಷೇರು ಇದ್ದರೂ ಸಾಕು. ಭಾರತದಲ್ಲಿ ಷೇರು ಬಂಡವಾಳ ಇರುವ ಕಂಪನಿಯಾದರೆ ಶೇಕಡ 10 ಷೇರಿರಬೇಕು. ಇಲ್ಲವೇ 100 ಸದಸ್ಯರು ಅಥವಾ ಸದಸ್ಯರಲ್ಲಿ ಹತ್ತನೇ ಒಂದು ಭಾಗ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು. ಇಂಥ ದೂರು ಕೇಳುವ ಕಂಪನಿ ಕಾನೂನು ನ್ಯಾಯಮಂಡಳಿ ವಿನಾಯಿತಿ ಕೊಡಬಹುದು. ಈ ಶೇಕಡ 10ರ ಲೆಕ್ಕ ಎಷ್ಟು ಸೂಕ್ಷ್ಮ ಎಂಬುದು ಟಾಟಾ ಸಮೂಹದ ಮುಖ್ಯ ಹೂಡಿಕೆ ಕಂಪನಿಯಾದ ಟಾಟಾ ಸನ್ಸ್ ಪ್ರಕರಣದಲ್ಲಿ ಕಂಡಿತು. ಅದರ ಅಧ್ಯಕ್ಷ ಸ್ಥಾನ ಕಳೆದುಕೊಂಡ ಸೈರಸ್ ಮಿಸ್ತ್ರಿಯ ಕುಟುಂಬದ ಕಂಪನಿಗಳಿಗೆ ಶೇಕಡ 18ಕ್ಕಿಂತ ಜಾಸ್ತಿ ಈಕ್ವಿಟಿ, ಅಂದರೆ ಮತವಿರುವ ಸಾಮಾನ್ಯ ಷೇರು ಇತ್ತು. ಆದರೆ ಲಾಭಾಂಶ ಮೊದಲು ಸಿಗುವ ಪ್ರಿಫರೆನ್ಸ್ ಷೇರುಗಳನ್ನೂ ಕಂಪನಿಯ ಬಂಡವಾಳಕ್ಕೆ ಸೇರಿಸಿ ಎಣಿಸಿದಾಗ ಅದು 10 ಮುಟ್ಟಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ವಿನಾಯಿತಿ ಕೊಟ್ಟ ಮೇಲಷ್ಟೇ ಕೇಸು ಮುಂದೆ ಹೋಯಿತು.

2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ಟಾಟಾ ಪರ ಮುಗಿಸಿತು. ಮಿಸ್ತ್ರಿಯನ್ನು ಅಧ್ಯಕ್ಷ ಸ್ಥಾನದಿಂದ ತೆಗೆದದ್ದು ಅಷ್ಟರಿಂದಲೇ ದಬ್ಬಾಳಿಕೆ ಆಗುವುದಿಲ್ಲ ಎಂದಿತು. ಇದು ಪಾಲುದಾರಿಕೆಯಂಥ ಕಂಪನಿ ಎಂಬ ವಾದವನ್ನೂ ಒಪ್ಪಲಿಲ್ಲ. ಷೇರಿಗೆ ಬೆಲೆ ಕಟ್ಟಿ ಬಿಡುಗಡೆ ಮಾಡಿಕೊಡುವ ಕೆಲಸಕ್ಕೂ ಕೋರ್ಟು ಕೈಹಾಕಲಿಲ್ಲ. ಕಂಪನಿಯ ನಿಯಮಾವಳಿಯ ದಾರಿಯನ್ನೋ ಬೇರೆ ಕಾನೂನು ದಾರಿಯನ್ನೋ ನೀವೇ ಹಿಡಿಯಿರಿ ಎಂದು ಬಿಟ್ಟಿತು. ಇಬ್ಬರು ಮೂವರು ಸ್ನೇಹಿತರು ಕಟ್ಟಿದ ಕಂಪನಿಗೂ ದೊಡ್ಡ ಹೂಡಿಕೆ ಕಂಪನಿಗೂ ಕೋರ್ಟು ಒಂದೇ ಅಳತೆ ಹಿಡಿಯುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಸಣ್ಣ ಕಂಪನಿಯಲ್ಲೂ ಗೆಲುವು ಖಚಿತವಲ್ಲ. 1999ರ ಓನೀಲ್ ಮತ್ತು ಫಿಲಿಪ್ಸ್ ಪ್ರಕರಣ ಓದಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಓನೀಲ್ ಮೊದಲು ಆ ಕಂಪನಿಯಲ್ಲಿ ಕೈಕೆಲಸ ಮಾಡುತ್ತಿದ್ದವರು. ಮಾಲೀಕ ಫಿಲಿಪ್ಸ್ ಅವರ ಕೆಲಸ ಮೆಚ್ಚಿ ಶೇಕಡ 25 ಷೇರು ಕೊಟ್ಟರು, ನಿರ್ದೇಶಕ ಮಾಡಿದರು, ಕಂಪನಿ ನಡೆಸಲು ಬಿಟ್ಟರು. ಲಾಭ ಅರ್ಧರ್ಧ ಹಂಚಿಕೊಂಡರು. ಮುಂದೆ ಷೇರೂ ಅರ್ಧ ಆಗಬಹುದು ಎಂದು ಮಾತುಕತೆ ನಡೆಯಿತು, ಸಹಿ ಆಗಲಿಲ್ಲ. ವ್ಯಾಪಾರ ಇಳಿದಾಗ ಫಿಲಿಪ್ಸ್ ಮತ್ತೆ ಬಂದು ಕಂಪನಿ ಕೈಗೆ ತೆಗೆದುಕೊಂಡರು. ಇನ್ನು ಅರ್ಧ ಲಾಭ ಇಲ್ಲ ಎಂದರು. ಓನೀಲ್ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತರು. ಫಿಲಿಪ್ಸ್ ಕೊಟ್ಟ ಮಾತು ಯಾವುದನ್ನೂ ಮುರಿದಿಲ್ಲ, ಯಾಕೆಂದರೆ ಆ ಮಾತು ಪಕ್ಕಾ ಆಗಿರಲೇ ಇಲ್ಲ ಎಂದಿತು ನ್ಯಾಯಪೀಠ. ನಂಬಿಕೆ ಹೋಗಿದೆ ಎಂಬ ಒಂದೇ ಕಾರಣಕ್ಕೆ ನನ್ನ ಷೇರು ಕೊಳ್ಳಿ ಎಂದು ಕೇಳುವ ಹಕ್ಕಿಲ್ಲ ಎಂದು ಲಾರ್ಡ್ ಹಾಫ್‌ಮನ್ ಸ್ಪಷ್ಟ ಮಾಡಿದರು. ಅನ್ಯಾಯ ನಡೆದಿದೆ ಎಂದು ತೋರಿಸಲೇಬೇಕು.

ಅದೇ ತೀರ್ಪಿನಲ್ಲಿ ಇನ್ನೊಂದು ಉಪಯೋಗದ ಮಾತಿದೆ. ದೊಡ್ಡ ಪಾಲಿನವರು ನ್ಯಾಯವಾದ ಬೆಲೆಗೆ ಕೊಳ್ಳುತ್ತೇವೆ ಎಂದು ಮುಂದೆ ಬಂದರೆ ಕೇಸು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಬೇಕು. ನ್ಯಾಯವಾದ ಬೆಲೆ ಅಂದರೆ ಏನು ಎಂದೂ ಹೇಳಿದ್ದಾರೆ. ಸಣ್ಣ ಪಾಲು ಅಂತ ಕಡಿತ ಮಾಡಬಾರದು. ಒಪ್ಪಿಗೆ ಆಗದಿದ್ದರೆ ಸ್ವತಂತ್ರ ತಜ್ಞರು ಬೆಲೆ ಕಟ್ಟಬೇಕು. ಲೆಕ್ಕಪತ್ರ ಇಬ್ಬರಿಗೂ ಸಮನಾಗಿ ಸಿಗಬೇಕು.

ಕಡಿತದ ಮಾತು ಸಣ್ಣದಲ್ಲ. ಕಂಪನಿಯ ಬೆಲೆ 100 ಅಂದುಕೊಳ್ಳಿ. ಶೇಕಡ 30 ಪಾಲಿಗೆ 30 ಬರಬೇಕು. ಹಿಡಿತವಿಲ್ಲದ ಷೇರು, ಮಾರುಕಟ್ಟೆ ಇಲ್ಲದ ಷೇರು ಎಂದು ಶೇಕಡ 40 ಕಡಿತ ಮಾಡಿದರೆ ಕೈಗೆ ಬರುವುದು 18. ಉಳಿದ 12 ಹೊರಗೆ ಹಾಕಿದವರಿಗೇ ಲಾಭ. ಹೊರಗಿನವರು ಕೊಳ್ಳುವಾಗ ಕಡಿತ ಕೇಳುವುದರಲ್ಲಿ ಅರ್ಥವಿದೆ. ಕೊಂಡ ಕೂಡಲೇ ಪೂರ್ತಿ ಹಿಡಿತ ಪಡೆಯುವ ಪಾಲುದಾರ ಅದನ್ನು ಕೇಳುವುದಕ್ಕೆ ಯಾವ ನ್ಯಾಯವೂ ಇಲ್ಲ. ಪಾಲುದಾರಿಕೆಯಂಥ ಕಂಪನಿಯಲ್ಲಿ ಇಷ್ಟವಿಲ್ಲದೆ ಮಾರಬೇಕಾಗಿ ಬಂದವರಿಗೆ ಕಡಿತವಿಲ್ಲದ ಬೆಲೆ ಸಿಗಬೇಕು ಎಂದು ಇಂಗ್ಲೆಂಡಿನ ಕೋರ್ಟುಗಳು 1980ರ ದಶಕದಲ್ಲೇ ಹೇಳಿವೆ. ಬೆಲೆ ಯಾವ ದಿನದ್ದು ಎಂಬುದೂ ಅಷ್ಟೇ ಮುಖ್ಯ. ಗಿರಾಕಿಗಳನ್ನು ಹೊಸ ಕಂಪನಿಗೆ ತಿರುಗಿಸಿದ ಮೇಲೆ ಹಳೆಯ ಕಂಪನಿಗೆ ಬೆಲೆ ಕಟ್ಟಿದರೆ ಏನು ಉಳಿದಿರುತ್ತದೆ? 1958ರಲ್ಲಿ ತೀರ್ಮಾನವಾದ ಮೆಯರ್ ಪ್ರಕರಣದಲ್ಲಿ ದೊಡ್ಡ ಪಾಲಿನ ಸಹಕಾರ ಸಂಘ ತನ್ನದೇ ಅಂಗಸಂಸ್ಥೆಗೆ ಕಚ್ಚಾಮಾಲು ಕೊಡದೆ ಸೊರಗಿಸಿತ್ತು. ಹಾಗೆ ಸೊರಗಿಸದೇ ಇದ್ದಿದ್ದರೆ ಷೇರಿಗೆ ಎಷ್ಟು ಬೆಲೆ ಇರುತ್ತಿತ್ತೋ ಅಷ್ಟು ಕೊಡಿ ಎಂದು ಆದೇಶವಾಯಿತು.

ಕಾಗದದ ಕೆಲಸ

ಹಾಗಾದರೆ ಯಾರು ಬೇಕಾದರೂ ಯಾವಾಗ ಬೇಕಾದರೂ ಹಣ ಕೇಳಿ ಹೊರಡುವ ಹಕ್ಕು ಕೊಡಬೇಕೇ? ಇದಕ್ಕೆ ವಿರೋಧವಾಗಿ ಹೇಳುವ ಮಾತಿನಲ್ಲಿ ಹುರುಳಿದೆ. ಕಂಪನಿಯ ಹಣ ಯಂತ್ರದಲ್ಲಿ, ದಾಸ್ತಾನಿನಲ್ಲಿ, ಬಾಕಿ ಬಿಲ್ಲುಗಳಲ್ಲಿ ಇರುತ್ತದೆ. ಒಬ್ಬರಿಗೆ ಒಂದೇ ಸಲಕ್ಕೆ ಶೇಕಡ 30 ಕೊಡಲು ಹೋದರೆ ಕೆಲಸಗಾರರ ಸಂಬಳಕ್ಕೇ ಕುತ್ತು ಬರಬಹುದು. ಆದರೆ ಕಂತಿನಲ್ಲಿ ಕೊಡುವುದಕ್ಕೆ, ಬಡ್ಡಿ ಸೇರಿಸುವುದಕ್ಕೆ, ಆಸ್ತಿ ಅಡವಿಡುವುದಕ್ಕೆ ಯಾರೂ ಅಡ್ಡಿ ಮಾಡಿಲ್ಲವಲ್ಲ. ಜರ್ಮನಿಯಲ್ಲಿ ಸಣ್ಣ ಕಂಪನಿಗಳ ಸದಸ್ಯರು ಬಲವಾದ ಕಾರಣ ಇದ್ದರೆ ಪರಿಹಾರ ಪಡೆದು ಹೊರಬರುವ ಹಕ್ಕನ್ನು ಅಲ್ಲಿನ ಕೋರ್ಟುಗಳು ಒಪ್ಪಿವೆ. ಅದರಿಂದ ಅಲ್ಲಿನ ಸಣ್ಣ ಕಂಪನಿಗಳು ಮುಳುಗಿಹೋಗಿಲ್ಲ.

ಕಾನೂನು ಬದಲಾಗುವವರೆಗೆ ದಾರಿಯನ್ನು ನಾವೇ ಬರೆದಿಟ್ಟುಕೊಳ್ಳಬೇಕು. ಷೇರುದಾರರ ಒಪ್ಪಂದದಲ್ಲಿ ಮುಖ್ಯವಾಗಿ ಬೇಕಾದದ್ದು ಇದು: ಒಬ್ಬರನ್ನು ಹುದ್ದೆಯಿಂದ ತೆಗೆದರೆ ಅವರ ಷೇರನ್ನು ಉಳಿದವರು ಕಡಿತವಿಲ್ಲದ ಬೆಲೆಗೆ ಕೊಳ್ಳಬೇಕು, ಬೆಲೆ ಯಾರು ಕಟ್ಟಬೇಕು, ಎಷ್ಟು ಕಂತಿನಲ್ಲಿ ಕೊಡಬೇಕು. ಒಬ್ಬರು ಬೆಲೆ ಹೇಳುವುದು, ಆ ಬೆಲೆಗೆ ಕೊಳ್ಳುವುದೋ ಮಾರುವುದೋ ಇನ್ನೊಬ್ಬರು ಆರಿಸುವುದು ಎಂಬ ಷರತ್ತನ್ನೂ ಕೆಲವರು ಹಾಕುತ್ತಾರೆ. ಕೇಳಲು ಸಮಾನವಾಗಿದೆ. ಆದರೆ ಎದುರಿನವರ ಹತ್ತಿರ ಕೊಳ್ಳುವಷ್ಟು ಹಣ ಇಲ್ಲ ಎಂದು ಗೊತ್ತಿರುವ ಸಿರಿವಂತ ಪಾಲುದಾರ ಬೇಕೆಂದೇ ಕಡಿಮೆ ಬೆಲೆ ಹೇಳುತ್ತಾನೆ. ಹಣಬಲ ಒಂದೇ ಥರ ಇಲ್ಲದವರು ಈ ಷರತ್ತಿಗೆ ಒಪ್ಪಬಾರದು. ಇನ್ನೊಂದು: ಒಪ್ಪಂದದ ಮಾತು ಕಂಪನಿಯ ನಿಯಮಾವಳಿಯಲ್ಲೂ ಇರಲಿ. ಷೇರು ವರ್ಗಾವಣೆಗೆ ಹಾಕಿಕೊಂಡ ನಿರ್ಬಂಧ ನಿಯಮಾವಳಿಯಲ್ಲಿ ಇಲ್ಲದಿದ್ದರೆ ಅದು ಕಂಪನಿಯನ್ನು ಕಟ್ಟಿಹಾಕುವುದಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ ರಂಗರಾಜ್ ಪ್ರಕರಣದಲ್ಲಿ ಹೇಳಿದೆ.

ಜಗಳ ಈಗಾಗಲೇ ಶುರುವಾಗಿದ್ದರೆ, ಸಿಟ್ಟಿನಲ್ಲಿ ರಾಜೀನಾಮೆ ಬರೆದುಕೊಡಬೇಡಿ. ತೆಗೆದುಹಾಕಿದರು ಎನ್ನುವುದಕ್ಕೂ ತಾವೇ ಬಿಟ್ಟುಹೋದರು ಎನ್ನುವುದಕ್ಕೂ ಕೋರ್ಟಿನಲ್ಲಿ ಬಹಳ ವ್ಯತ್ಯಾಸ ಇದೆ. ನಿರ್ದೇಶಕರಾಗಿ ಇರುವವರೆಗೆ ಲೆಕ್ಕದ ಪುಸ್ತಕ ನೋಡುವ ಹಕ್ಕು ನಿಮಗಿದೆ. ಬರೀ ಷೇರುದಾರರಾದ ಮೇಲೆ ಸಿಗುವುದು ವಾರ್ಷಿಕ ಲೆಕ್ಕ, ಸದಸ್ಯರ ಪಟ್ಟಿ, ಷೇರುದಾರರ ಸಭೆಯ ನಡಾವಳಿ, ಇಷ್ಟೇ. ಸಭೆಗೆ ಸುಮ್ನೆ ಗೈರಾಗಬೇಡಿ. ಹೋಗಿ ತಕರಾರು ಬರೆಸಿ. ಹುದ್ದೆಯಲ್ಲಿದ್ದುಕೊಂಡು ಪೈಪೋಟಿ ವ್ಯಾಪಾರ ಶುರು ಮಾಡಿದರೆ ನಿಮ್ಮ ಕೇಸೇ ದುರ್ಬಲವಾಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಜನ ಮರೆಯುವುದು ಬ್ಯಾಂಕಿಗೆ ಕೊಟ್ಟ ವೈಯಕ್ತಿಕ ಜಾಮೀನನ್ನು. ಕಂಪನಿಯ ಸಾಲಕ್ಕೆ ಎಲ್ಲ ಪಾಲುದಾರರೂ ಸಹಿ ಹಾಕಿರುತ್ತಾರೆ. ಹುದ್ದೆ ಹೋಗಬಹುದು, ಷೇರೂ ಮಾರಾಟವಾಗಬಹುದು. ಆ ಸಹಿ ಮಾತ್ರ ಹಾಗೇ ಇರುತ್ತದೆ. ಮೂರು ವರ್ಷದ ನಂತರ ಕಂಪನಿ ಸಾಲ ಕಟ್ಟದಿದ್ದರೆ ಬ್ಯಾಂಕಿನ ನೋಟಿಸ್ ಹೊರಗೆ ಹೋದವರ ಮನೆಗೂ ಬರುತ್ತದೆ. ಷೇರಿನ ಬೆಲೆ ಮಾತಾಡುವಾಗಲೇ ಜಾಮೀನಿನ ಬಿಡುಗಡೆಯನ್ನೂ ಮಾತಾಡಿ. ಬಿಡಿಸಿಕೊಡುತ್ತೇವೆ ಎಂದು ಪಾಲುದಾರರು ಬರೆದುಕೊಟ್ಟರೆ ಸಾಲದು, ಅದು ಬ್ಯಾಂಕಿನಿಂದಲೇ ಬರಬೇಕು. ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಷೇರು ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಬೇಡಿ.